ಬೀಗರ ಮನೆಯ ಗಾಳಿ

ನಮ್ಮತ್ತೆಯ ಹೆಸರು ಕುಳ್ಳಮ್ಮ. ಹೆಸರಿಗೆ ವಿರುದ್ಧವಾಗಿ ಅವರು ಎತ್ತರದ ಆಳು. ಹುಣಸೂರಿನಿಂದ ಎಂಟು ಕಿಲೋಮೀಟರ್ ಒಳಗಿರುವ ನಮ್ಮ ಕೊಪ್ಪಲಿನಲ್ಲಿ ಹೊಗೆಸೊಪ್ಪು ಬೆಳೆಯದ ಮನೆಗಳು ಕಡಿಮೆ, ಸೊಪ್ಪು ಬೇಯಿಸುವ ಬ್ಯಾರನ್ ಇಲ್ಲದ ಹಿತ್ತಲೂ ಕಡಿಮೆ. ಮಾವ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ನಮ್ಮ ಬ್ಯಾರನ್ನನ್ನು ನಡೆಸಿದವರು ಅತ್ತೆಯೇ. ಒಲೆಗೆ ಎಷ್ಟು ಸೌದೆ ಹಾಕಬೇಕು, ಯಾವ ಹೊತ್ತಿಗೆ ಕಾವು ಇಳಿಸಬೇಕು ಎನ್ನುವುದನ್ನು ಅವರು ಥರ್ಮಾಮೀಟರು ನೋಡುವ ಮೊದಲೇ ಬಾಗಿಲ ಸಂದಿಗೆ ಮೂಗು ಹಿಡಿದು ಹೇಳುತ್ತಿದ್ದರು. ಆಮೇಲೆ ನನ್ನ ಗಂಡ ಶಿವಶಂಕರ್ ನೋಡಿದರೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ಅಂಥವರು ಹೋದ ವರ್ಷ ಮೇ ತಿಂಗಳಲ್ಲಿ ಸಸಿ ನೆಡುತ್ತಾ ನೆಡುತ್ತಾ ಸಾಲಿನ ನಡುವೆ ಕೂತುಬಿಟ್ಟರು. ಎದೆಯಿಂದ ದವಡೆಯವರೆಗೆ ಹಿಂಡಿದ ಹಾಗಾಗುತ್ತಿದೆ ಎಂದರು. ಹುಣಸೂರಿನಲ್ಲಿ ಇಸಿಜಿ ತೆಗೆದವರು ನೇರವಾಗಿ ಮೈಸೂರಿಗೆ ಕಳಿಸಿದರು. ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆ, ಬೈಪಾಸ್ ಮಾಡಲೇಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅತ್ತೆಗೆ ಆಗ ಐವತ್ತೇಳು.

ಆಸ್ಪತ್ರೆಯ ವಾಸನೆ ಬಂದರೆ ಶಿವಶಂಕರ್‌ಗೆ ತಲೆ ಸುತ್ತುತ್ತದೆ. ಹಾಗಾಗಿ ಅತ್ತೆಯ ಜೊತೆ ಉಳಿದವಳು ನಾನು. ನಾನು ಹುಣಸೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೇಸಿಗೆ ರಜೆಯೂ ಇತ್ತು. ಮದುವೆಯಾಗಿ ಐದು ವರ್ಷವಾದರೂ ಅತ್ತೆಗೂ ನನಗೂ ನಡುವೆ ಜಗಳವೂ ಇರಲಿಲ್ಲ, ಹೇಳಿಕೊಳ್ಳುವಂಥ ಸಲಿಗೆಯೂ ಇರಲಿಲ್ಲ. ಅವರದು ಹೊಲ, ನನ್ನದು ಶಾಲೆ. ಊಟದ ಹೊತ್ತಿಗೆ ಮುಖ ನೋಡಿಕೊಳ್ಳುತ್ತಿದ್ದೆವು, ಅಷ್ಟೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಎದ್ದು ಕೂತರು, ಐದನೆಯ ದಿನ ನನ್ನ ಕೈ ಹಿಡಿದು ವರಾಂಡದಲ್ಲಿ ನಡೆದರು. ಪೂಜಾ ಎಂಬ ಫಿಸಿಯೋಥೆರಪಿ ಹುಡುಗಿ ಬಂದು ಒಂದು ಪ್ಲಾಸ್ಟಿಕ್ಕಿನ ಡಬ್ಬ ಕೊಟ್ಟಳು. ಅದರಲ್ಲಿ ಮೂರು ಗೂಡು, ಮೂರು ಬಣ್ಣದ ಗುಂಡು. ಕೊಳವೆಯನ್ನು ಬಾಯಿಗಿಟ್ಟು ಉಸಿರು ಒಳಕ್ಕೆ ಎಳೆದರೆ ಗುಂಡುಗಳು ಮೇಲೇಳುತ್ತವೆ. ಗಂಟೆಗೆ ಹತ್ತು ಸಲ ಮಾಡಿ, ದಿಂಬನ್ನು ಎದೆಗೆ ಒತ್ತಿಕೊಂಡು ಚೆನ್ನಾಗಿ ಕೆಮ್ಮಿ ಎಂದು ಹೇಳಿಕೊಟ್ಟಳು. ಅತ್ತೆ ತಲೆಯಾಡಿಸಿದರು. ಎಂಟನೆಯ ದಿನ ಮನೆಗೆ ಬಂದೆವು.

ಮನೆಗೆ ಬಂದ ನಾಲ್ಕೈದು ದಿನಕ್ಕೆ ಏದುಸಿರು ಶುರುವಾಯಿತು. ಮೊದಮೊದಲು ಬಚ್ಚಲಿಗೆ ಹೋಗಿ ಬಂದಾಗ ಮಾತ್ರ. ಆಮೇಲೆ ಕೂತಲ್ಲೇ. ಒಂದು ಮಾತು ಹೇಳಿ ಮುಗಿಸುವುದರೊಳಗೆ ಎರಡು ಸಲ ನಿಲ್ಲಿಸಬೇಕಾಗುತ್ತಿತ್ತು. ಮಲಗಲಂತೂ ಆಗುತ್ತಲೇ ಇರಲಿಲ್ಲ.

"ಅಂಗಾತ ಮಲಿಕ್ಕಂಡ್ರೆ ಯಾರೋ ಎದೆ ಮ್ಯಾಲೆ ಕುಂತಂಗಾಯ್ತದೆ ಕಣವ್ವ," ಎಂದರು. ಕುರ್ಚಿಯ ಬೆನ್ನಿಗೆ ಎರಡು ದಿಂಬು ಇಟ್ಟುಕೊಟ್ಟೆ. ಅಲ್ಲಿಂದ ಎಷ್ಟೋ ತಿಂಗಳು ಅವರು ನಿದ್ದೆ ಮಾಡಿದ್ದು ಕೂತೇ.

ನೋಡಲು ಬಂದ ಪಕ್ಕದ ಮನೆಯ ಹುಚ್ಚಯ್ಯ ಜಗಲಿಯಲ್ಲಿ ನಿಂತು ನನ್ನ ಗಂಡನಿಗೆ, "ಆಪ್ರೇಷನ್ ಕೈ ಕೊಡ್ತು ಕಾಣ್ತದೆ ಕಣ್ಲಾ ಸಿವಶಂಕ್ರ. ಸುಮ್ನೆ ಎದೆ ಕುಯ್ಸುಬುಟ್ರಿ," ಎಂದರು. ಒಳಗಿದ್ದ ಅತ್ತೆಗೆ ಅದು ಕೇಳಿಸಿತು.

ನನಗೆ ವಿಚಿತ್ರ ಅನಿಸಿದ್ದು ಇನ್ನೊಂದು. ಅತ್ತೆಗೆ ಕೆಮ್ಮು ಬರುತ್ತಿತ್ತು, ಆದರೆ ಅವರು ಕೆಮ್ಮುತ್ತಿರಲಿಲ್ಲ. ಗಂಟಲಲ್ಲಿ ಗುರುಗುರು ಎಂದ ತಕ್ಷಣ ತುಟಿ ಬಿಗಿಹಿಡಿದು, ಕಣ್ಣು ಮುಚ್ಚಿ, ಅದನ್ನು ನುಂಗಿಬಿಡುತ್ತಿದ್ದರು. ಗುಂಡಿನ ಡಬ್ಬವೂ ಕಾಣುತ್ತಿರಲಿಲ್ಲ. ಹುಡುಕಿದರೆ ಬೀರುವಿನಲ್ಲಿ ಸೀರೆಗಳ ಹಿಂದೆ ಸಿಕ್ಕಿತು. ಅದನ್ನು ತಂದು ಅವರ ಮುಂದಿಟ್ಟು ಕೇಳಿದೆ.

"ಅತ್ತೆ, ಇದನ್ನ ಯಾಕೆ ಬಚ್ಚಿಟ್ರಿ?"

ಅವರು ಡಬ್ಬವನ್ನು ಪಕ್ಕಕ್ಕೆ ಸರಿಸಿದರು.

"ಎದೆ ಮೂಳೆನ... ತಂತೀಲಿ ಕಟ್ಟವ್ರಂತಲ್ಲ. ಕೆಮ್ಮುದ್ರೆ ತಂತಿ ಕಿತ್ಕಂಡ್ರೆ? ಬೇಲಿ ತಂತಿ ಕಿತ್ತೋಗೋದ ನಾನು ನೋಡಿಲ್ವಾ?" ಎಂದು ಉಸಿರು ಎಳೆದುಕೊಂಡರು. "ಇನ್ನ ಆ ಗುಂಡು. ಚಿನ್ನು ಮೂರೂ ಎತ್ತುಬುಟ್ಟು ನಗ್ತಾ ಓಯ್ತಾಳೆ. ನಾನು ಒಂದ ಎತ್ತಕ್ಕೆ ಸಾಯ್ತೀನಿ. ನಾಚ್ಕೆ ಆಯ್ತು ಕಣವ್ವ."

ಚಿನ್ನು ನನ್ನ ಮಗಳು, ನಾಲ್ಕು ವರ್ಷದವಳು. ಡಬ್ಬ ಅವಳ ಆಟದ ಸಾಮಾನಾಗಿತ್ತು. ಹೊಲದಲ್ಲಿ ಹಾವು ಕಂಡರೆ ಕೋಲು ಹಿಡಿದು ಮುಂದೆ ಹೋಗುತ್ತಿದ್ದ ಅತ್ತೆಗೂ ಹೆದರಿಕೆ ಎಂಬುದೊಂದು ಇದೆ ಎಂದು ನನಗೆ ಗೊತ್ತಾಗಿದ್ದು ಅವತ್ತು. ಅವರು ಅದನ್ನು ಬಾಯಿಬಿಟ್ಟು ನನ್ನ ಹತ್ತಿರ ಹೇಳಿದರಲ್ಲ, ಅದಕ್ಕೇ ನನ್ನ ಮನಸ್ಸು ಕರಗಿತು.

ಮಾರನೆಯ ದಿನ ಬೆಳಿಗ್ಗೆಯೇ ಮೈಸೂರಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಎಡಗಡೆಯ ಶ್ವಾಸಕೋಶದ ಅರ್ಧ ಭಾಗ ಬೆಳ್ಳಗೆ ಕಾಣುತ್ತಿತ್ತು. ನೀರು ತುಂಬಿಕೊಂಡಿದೆ ಎಂದರು. ಬೆನ್ನಿಗೆ ಸೂಜಿ ಹಾಕಿ ತೆಗೆದರು. ಹಾಲಿಲ್ಲದ ಟೀ ಬಣ್ಣದ ನೀರು, ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಅತ್ತೆಗೆ ತಕ್ಷಣ ಹಗುರಾಯಿತು. ಆದರೂ ಮಲಗಿದರೆ ಉಸಿರು ಸಿಕ್ಕಿಹಾಕಿಕೊಳ್ಳುವುದು ಪೂರ್ತಿ ಹೋಗಲಿಲ್ಲ. ಇನ್ನೊಂದು ಪರೀಕ್ಷೆ ಮಾಡಿದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು.

"ನೋಡಿ ಅಮ್ಮ, ಎದೆಗೂ ಹೊಟ್ಟೆಗೂ ಮಧ್ಯೆ ಮಾಂಸದ ಒಂದು ಪರದೆ ಇರುತ್ತೆ. ವಪೆ ಅಂತೀವಿ. ಅದು ಕೆಳಗೆ ಇಳಿದ್ರೆ ಗಾಳಿ ಒಳಗೆ ಬರುತ್ತೆ. ನಿಮ್ಮ ಎಡಗಡೆ ವಪೆ ಈಗ ಕೆಲಸ ಮಾಡ್ತಿಲ್ಲ. ಆಪರೇಷನ್ ಆದಾಗ ಕೆಲವರಿಗೆ ಅದರ ನರ ಮಂಕಾಗುತ್ತೆ. ಹೃದಯ ಚೆನ್ನಾಗಿದೆ, ಅದರ ಬಗ್ಗೆ ಯೋಚನೆ ಬೇಡ."

"ನರ ಎಚ್ಚರ ಆಯ್ತದಾ?" ಅತ್ತೆ ಕೇಳಿದರು.

"ಹೆಚ್ಚಿನವರಿಗೆ ಆಗುತ್ತೆ. ಆರು ತಿಂಗಳು ಬೇಕಾಗಬಹುದು, ವರ್ಷಾನೂ ಆಗಬಹುದು. ಕೆಲವರಿಗೆ ಆಗೋದೇ ಇಲ್ಲ. ನಾನು ಸುಳ್ಳು ಹೇಳಲ್ಲ."

"ಸರಿ. ನಾನೇನು ಮಾಡ್ಬೇಕು, ಅದ ಹೇಳಿ."

"ಉಸಿರಿನ ವ್ಯಾಯಾಮ. ದಿನಾ ನಡಿಗೆ. ಕೆಮ್ಮು ಬಂದ್ರೆ ತಡೀಬಾರದು. ಹೊಗೆ, ಧೂಳು ಇರೋ ಕಡೆ ಹೋಗೋ ಹಾಗಿಲ್ಲ."

ಅತ್ತೆ ತಮ್ಮ ತಂತಿಯ ಪ್ರಶ್ನೆಯನ್ನೂ ಕೇಳಿಯೇಬಿಟ್ಟರು. ಡಾಕ್ಟರು ನಗಲಿಲ್ಲ. ದಿಂಬು ಒತ್ತಿ ಹಿಡಿದರೆ ಏನೂ ಆಗುವುದಿಲ್ಲ, ಕೆಮ್ಮದೆ ಇದ್ದದ್ದೇ ತೊಂದರೆಯಾಗಿದೆ ಎಂದರು. ಆಗ ಅತ್ತೆ ಅಲ್ಲಿಯೇ ಮಂಚದ ಮೇಲಿದ್ದ ದಿಂಬನ್ನು ಎಳೆದುಕೊಂಡು ಎದೆಗೆ ಅವಚಿ ಕೆಮ್ಮಿದರು. ಹದಿನೈದು ದಿನ ನುಂಗಿಟ್ಟಿದ್ದ ಕೆಮ್ಮು ಅದು. ಕಣ್ಣಲ್ಲಿ ನೀರು ಬಂತು, ಮುಖ ಕೆಂಪಾಯಿತು. ನಿಲ್ಲಿಸಲಿಲ್ಲ. ಕೊನೆಗೆ ಕಫ ಬಿತ್ತು. ಪೂಜಾ ಓಡಿಬಂದು ಬೆನ್ನು ಸವರಿದಳು.

"ಬುಟ್ಕತಾ ಮಗ, ಮೂಳೆ?" ಎಂದು ಅತ್ತೆ ಅವಳನ್ನೇ ಕೇಳಿದರು.

"ಇಲ್ಲಮ್ಮ. ಗಟ್ಟಿಯಾಗಿದೆ."

"ಅಂಗಾದ್ರೆ ಇನ್ನೊಂದಪ ಕೆಮ್ತೀನಿ ಇರು."

ಪೂಜಾ ಅವತ್ತು ಒಂದು ಗಂಟೆ ನಮ್ಮ ಜೊತೆ ಕೂತಳು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, ಕೈ ಮೇಲೇಳುವ ಹಾಗೆ ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕು, ತುಟಿ ಕಿರಿದು ಮಾಡಿ ಬಿಡಬೇಕು. ಮೋಂಬತ್ತಿ ಆರಿಸುವ ಹಾಗೆ ಎಂದರೆ ಅತ್ತೆಗೆ ಹೊಂದಲಿಲ್ಲ. ಸ್ವಲ್ಪ ಯೋಚಿಸಿ, "ಊದ್ಗೊಳವೆ ಊದ್ದಂಗಾ?" ಎಂದರು. ಪೂಜಾ ಸೌದೆ ಒಲೆಯ ಮುಂದೆ ಕೂತವಳಲ್ಲ. ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. "ಹಂಗೇ ಅಮ್ಮ. ಆದ್ರೆ ಮೆಲ್ಲಗೆ, ಉದ್ದಕ್ಕೆ," ಎಂದಳು. ಅತ್ತೆ ಮೊದಲ ಸಲಕ್ಕೇ ಸರಿಯಾಗಿ ಮಾಡಿದರು.

ಊರಿಗೆ ಬಂದ ಮೇಲೆ ಇನ್ನೊಂದು ಸಮಸ್ಯೆ. ಜುಲೈ ಎರಡನೆಯ ವಾರ ಬ್ಯಾರನ್ನುಗಳಿಗೆ ಬೆಂಕಿ ಹಾಕುತ್ತಾರೆ. ನಮ್ಮದು ಹಿತ್ತಲ ಬಾಗಿಲಿಗೆ ಹತ್ತೇ ಮಾರು. ನಮ್ಮದನ್ನು ನಿಲ್ಲಿಸಿದರೂ ಅಕ್ಕಪಕ್ಕದವರದು ಇದ್ದೇ ಇದೆ; ಅಕ್ಟೋಬರ್ ಮುಗಿಯುವವರೆಗೆ ಊರಿಗೆ ಊರೇ ಹೊಗೆಯಲ್ಲಿರುತ್ತದೆ. ಅತ್ತೆಯ ತವರು ಪಿರಿಯಾಪಟ್ಟಣದ ಕಡೆ, ಅಲ್ಲೂ ಇದೇ ಬೆಳೆ.

ಹೊಗೆಯಿಲ್ಲದ ಮನೆ ನನಗೆ ಗೊತ್ತಿದ್ದದ್ದು ಒಂದೇ, ನನ್ನ ತವರು. ಕೆ.ಆರ್. ನಗರದ ಆಚೆ, ನಾಲೆಯ ಬದಿಯ ಊರು, ಸುತ್ತ ಭತ್ತದ ಗದ್ದೆ. ಅಲ್ಲಿ ನನ್ನ ಅವ್ವ ಪುಟ್ಟಗೌರಮ್ಮ ನನ್ನ ಅಣ್ಣನ ಸಂಸಾರದ ಜೊತೆ ಇದ್ದಾರೆ. ಇದನ್ನು ಹೇಳಿದಾಗ ಶಿವಶಂಕರ್ ನೆಲ ನೋಡುತ್ತಾ ಕೂತರು. ಕಾರಣವಿತ್ತು. ನಮ್ಮ ಮದುವೆಯ ಬೀಗರ ಊಟದ ದಿನ, ನೂರಾರು ಜನರ ಪಂಕ್ತಿಯಲ್ಲಿ ಅತ್ತೆ ಎಲೆ ನೋಡಿ ಗಟ್ಟಿಯಾಗಿ, "ಈ ಸಾರಲ್ಲಿ ಮೂಳೆ ಉಡುಕ್ಬೇಕಾದ್ರೆ ನಾಲೆಗೆ ಇಳಿದಂಗೆ ಇಳೀಬೇಕು ಕಣ್ರಪ್ಪ," ಎಂದಿದ್ದರು. ಪಂಕ್ತಿಯೆಲ್ಲ ನಕ್ಕಿತ್ತು. ಬಡಿಸುತ್ತಿದ್ದ ನನ್ನ ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಿದ್ದರು. ಐದು ವರ್ಷದಿಂದ ಇಬ್ಬರ ನಡುವೆ ಕ್ಷೇಮವೇ, ಕ್ಷೇಮ ಎನ್ನುವುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ.

ಮೂರನೆಯ ದಿನ ಅತ್ತೆ ಕುರ್ಚಿಯಿಂದಲೇ ನನ್ನನ್ನು ಕರೆದರು.

"ರೂಪ, ನಿಮ್ಮವ್ವನ್ನ ಕೇಳು... ಇರುಸ್ಕತಾರಾ ಅಂತ."

ಅವ್ವನಿಗೆ ಫೋನ್ ಮಾಡಿದೆ. "ಬರ್ಲಿ ಕಣವ್ವ, ಜೀವಕ್ಕಿಂತ ಎಚ್ಚಾ? ಆದ್ರೆ ನಮ್ಮನೆ ಸಾರು ನಿಮ್ಮತ್ತೆಗೆ ಇಡಿಸ್ತದೋ ಇಲ್ವೋ," ಎಂದರು.

ಅಣ್ಣನ ಕಾರಿನಲ್ಲಿ ಅತ್ತೆಯನ್ನು ಕರೆದೊಯ್ದೆವು. ಬೀಗಿತಿಯ ಮನೆಯಲ್ಲಿ ತಿಂಗಳುಗಟ್ಟಲೆ ಇರಲು ಬಟ್ಟೆಯ ಚೀಲ ಹಿಡಿದು ಇಳಿಯುವುದು ನಮ್ಮ ಕಡೆಯ ಹೆಂಗಸಿಗೆ ಸಣ್ಣ ಮಾತಲ್ಲ. ಅತ್ತೆ ಬಾಗಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡು ಒಳಗೆ ಬಂದರು. ಮಧ್ಯಾಹ್ನ ಅವ್ವ ಮುದ್ದೆ, ಅವರೆಕಾಳಿನ ಸಾರು ಬಡಿಸಿ ದೂರ ನಿಂತರು. ಅತ್ತೆ ಮೂರು ತುತ್ತು ತಿಂದರು.

"ಸಾರು ಚೆನ್ನಾಗದೆ," ಎಂದರು. ನಿಲ್ಲಿಸಿ ಉಸಿರು ಎಳೆದುಕೊಂಡರು. "ಅವತ್ತೂ... ಚೆನ್ನಾಗೇ ಇತ್ತು. ನನ್ನ ಬಾಯಿ... ಸರಿ ಇರ್ನಿಲ್ಲ."

ಅಷ್ಟು ಹೇಳಲು ಅವರಿಗೆ ಮೂರು ಉಸಿರು ಬೇಕಾಯಿತು. ಅವ್ವ ಸೌಟು ಹಿಡಿದು ಹತ್ತಿರ ಬಂದು, "ಇನ್ನೊಂದ್ ಸ್ವಲ್ಪ ಹಾಕಿಸ್ಕಳಿ," ಎಂದರು.

ನಾನು ಶಾಲೆಗೆ ಹೋಗಬೇಕಿತ್ತು, ಮನೆಯಲ್ಲಿ ಸೊಪ್ಪಿನ ಕೆಲಸ ಬೇರೆ. ಭಾನುವಾರ ಮಾತ್ರ ಚಿನ್ನುವನ್ನು ಕರೆದುಕೊಂಡು ಕೆ.ಆರ್. ನಗರದ ಬಸ್ಸು ಹತ್ತುತ್ತಿದ್ದೆ. ಉಳಿದ ದಿನದ ಸುದ್ದಿ ಅವ್ವ ಫೋನಿನಲ್ಲಿ ಹೇಳುತ್ತಿದ್ದರು.

ಮೊದಲ ದಿನ ನಾಲೆ ಏರಿಯ ಮೇಲೆ ಅತ್ತೆ ನಡೆದದ್ದು ನಲವತ್ತು ಹೆಜ್ಜೆ. ಅವ್ವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತುಕೊಂಡು ಹಿಂದೆ ಹೋಗಿದ್ದರು. ಕೂತು ಸುಧಾರಿಸಿಕೊಂಡು ವಾಪಸು ಬಂದರು. ಮಾರನೆಯ ದಿನವೂ ನಲವತ್ತು. ನಾಲ್ಕನೆಯ ದಿನ ಐವತ್ತೈದು. ಹೆಜ್ಜೆಯನ್ನು ಅತ್ತೆಯೇ ಎಣಿಸುತ್ತಿದ್ದರು, ಒಂದನ್ನೂ ಹೆಚ್ಚಿಗೆ ಹೇಳಿಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಒಂದು ಸಲ, ಬಿಸಿಲು ಇಳಿದ ಮೇಲೆ ಒಂದು ಸಲ. ನಡುವೆ ಗುಂಡಿನ ಡಬ್ಬ, ಹೊಟ್ಟೆಯ ಮೇಲೆ ಕೈ, ದಿಂಬು ಹಿಡಿದು ಕೆಮ್ಮು. ಟಿ.ವಿಯಲ್ಲಿ ಗಂಟೆ ನೋಡಿಕೊಂಡು, ಅವ್ವ ನೆನಪಿಸುವ ಮೊದಲೇ ಶುರು ಮಾಡುತ್ತಿದ್ದರು.

ಗದ್ದೆಗೆ ಹೋಗುವವರು ನಿಂತು ನೋಡುತ್ತಿದ್ದರು. ಬೀಗಿತಿ ಇಲ್ಲಿ ಯಾಕಿದ್ದಾಳೆ, ಮಗ ಸೊಸೆ ಹೊರಗೆ ಹಾಕಿದರೇನೋ ಎಂದು ಒಬ್ಬರು ಎದುರಿಗೇ ಕೇಳಿದರಂತೆ. ಅವ್ವನಿಗೆ ಸಿಟ್ಟು ಬಂತು. ಅತ್ತೆ ಮಾತ್ರ, "ಇಲ್ಲ ಕಣಪ್ಪ. ಉಸ್ರು ಕಲಿಯಕ್ಕೆ... ಬಂದಿವ್ನಿ. ಕಲ್ತ ಮ್ಯಾಲೆ... ಓಯ್ತೀನಿ," ಎಂದು ಮುಂದಕ್ಕೆ ನಡೆದರಂತೆ.

ಆಗಸ್ಟ್ ಕೊನೆಯ ಹೊತ್ತಿಗೆ ನೀರು ಬಿಡುವ ತೂಬಿನವರೆಗೆ, ಮುನ್ನೂರು ಹೆಜ್ಜೆ, ನಡುವೆ ಒಂದೇ ಸಲ ಕೂತು ಹೋಗಿ ಬರುತ್ತಿದ್ದರು. ಎರಡು ಗುಂಡು ಏಳುತ್ತಿದ್ದವು. ಅಷ್ಟರಲ್ಲಿ ಮಳೆ ಹಿಡಿದು ನೆಗಡಿ ಬಂತು, ಜ್ವರ ಬಂತು, ಕಫ ಕಟ್ಟಿತು. ಕೆ.ಆರ್. ನಗರದ ಡಾಕ್ಟರು ಔಷಧಿ ಕೊಟ್ಟು ಜ್ವರ ಇಳಿಸಿದರು. ಆದರೆ ಒಂದು ವಾರ ಕುರ್ಚಿ ಬಿಟ್ಟು ಏಳದೆ ಇದ್ದದ್ದು ಎರಡು ತಿಂಗಳ ದುಡಿಮೆಯನ್ನು ತಿಂದುಹಾಕಿತ್ತು. ಆ ಭಾನುವಾರ ನಾನು ಹೋದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಸಾಕು ಕಣವ್ವ," ಎಂದರು. "ಒಂದು ಗುಂಡೂ... ಏಳಕಿಲ್ಲ. ಊರ್ಗೆ ಕರ್ಕಂಡೋಗು. ಸಾಯದಾದ್ರೆ... ನನ್ನ ಮನೇಲೇ ಸಾಯ್ತೀನಿ."

ನನಗೆ ಗೊತ್ತಿದ್ದ ಸಮಾಧಾನದ ಮಾತುಗಳೆಲ್ಲ ಶಾಲೆಯ ಮಕ್ಕಳಿಗೆ ಹೇಳುವಂಥವು. ಅಷ್ಟರಲ್ಲಿ ಅವ್ವ ಡಬ್ಬದ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆದುಕೊಂಡು ಬಂದರು. ಅತ್ತೆಗೆ ಕೊಡುತ್ತಾರೆ ಎಂದುಕೊಂಡೆ. ಅವರು ಅತ್ತೆಯ ಎದುರು ಚಾಪೆಯ ಮೇಲೆ ಕೂತು, ಕೊಳವೆಯನ್ನು ತಮ್ಮ ಬಾಯಿಗೇ ಇಟ್ಟುಕೊಂಡು ಕೆನ್ನೆ ಉಬ್ಬಿಸಿ ಊದಿದರು. ಗುಂಡು ಅಲುಗಲಿಲ್ಲ.

"ನೋಡಿ, ನಂಗ್ಯಾವ ಆಪ್ರೇಷನ್ನೂ ಆಗಿಲ್ಲ. ನಂಗೂ ಒಂದೂ ಏಳಕಿಲ್ಲ," ಎಂದರು.

ಅತ್ತೆ ಮೆಲ್ಲಗೆ ತಿರುಗಿದರು. "ಊದ್ಬ್ಯಾಡಿ. ಎಳ್ಕಳಿ."

ಅವ್ವ ಎಳೆದುಕೊಂಡರು. ಒಂದು ಗುಂಡು ಎದ್ದಿತು, ಎರಡನೆಯದು ಅರ್ಧಕ್ಕೆ ಬಂದು ಬಿತ್ತು. ಅವ್ವನಿಗೆ ಕೆಮ್ಮು ಬಂತು.

"ಅಂಗೆ ಅವಸ್ರ ಮಾಡ್ಬ್ಯಾಡಿ," ಎಂದರು ಅತ್ತೆ. "ಒಟ್ಟೆ ಮ್ಯಾಲೆ ಕೈ ಮಡೀಕಳಿ. ಮೆಲ್ಲಗೆ." ಹೇಳುತ್ತಾ ಹೇಳುತ್ತಾ ತಮ್ಮ ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದರು. ಅವ್ವನಿಗೆ ತೋರಿಸಿಕೊಡಲು ಒಂದು ಸಲ ಮಾಡಿದರು, ಆಮೇಲೆ ಇನ್ನೊಂದು ಸಲ. ನಾನು ಹೊರಡುವ ಹೊತ್ತಿಗೆ ಊರಿಗೆ ಬರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಫೋನ್ ಮಾಡಿ, "ಅಕ್ಕ ಇವತ್ತು ಅಂಗಳದಲ್ಲಿ ಹತ್ತು ಹೆಜ್ಜೆ ಹಾಕುದ್ರು," ಎಂದರು. ಅದುವರೆಗೆ ನಿಮ್ಮತ್ತೆ ಎನ್ನುತ್ತಿದ್ದ ಅವ್ವ ಅಕ್ಕ ಎಂದದ್ದು ಅವತ್ತೇ ಮೊದಲು.

ಹತ್ತರಿಂದ ಮತ್ತೆ ಮುನ್ನೂರಕ್ಕೆ ಬರಲು ಮೂರು ವಾರ ಹಿಡಿಯಿತು. ಮೊದಲ ಸಲ ಮುನ್ನೂರು ಮುಟ್ಟಿದಾಗ ಅತ್ತೆ ಇಷ್ಟು ದೊಡ್ಡವರು ಎಂದು ನನಗೆ ಅನಿಸಿರಲಿಲ್ಲ. ಬಿದ್ದು ಎರಡನೆಯ ಸಲ ಮೊದಲಿನಿಂದ ಶುರು ಮಾಡಿದಾಗ ಅನಿಸಿತು. ಹೊಗಳುವವರು ಯಾರೂ ಇರಲಿಲ್ಲ. ಗದ್ದೆಗೆ ಹೋಗುವವರಿಗೂ ನೋಡಿ ನೋಡಿ ಅಭ್ಯಾಸವಾಗಿತ್ತು. ಆದರೂ ಬೆಳಿಗ್ಗೆ ಆರೂವರೆಗೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಕುರ್ಚಿ ಹೊರುವುದು ನಿಂತಿತು. ಆಮೇಲೆ ತೂಬು ದಾಟಿ ಸೇತುವೆ, ಅಲ್ಲಿಂದ ಮುಂದಿನ ಸೇತುವೆ.

ದಸರಾ ರಜೆಗೆ ನಾನು ಒಂದು ವಾರ ಅಲ್ಲೇ ಇದ್ದೆ. ಒಂದು ಮಧ್ಯಾಹ್ನ ಬಟ್ಟೆ ಒಗೆದು ಒಳಗೆ ಬಂದರೆ ನಡುಮನೆಯ ಕುರ್ಚಿ ಖಾಲಿ ಇತ್ತು. ಅತ್ತೆ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ತಲೆಗೆ ಒಂದೇ ದಿಂಬು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತುಟಿಯ ಮೇಲೆ ಬೆರಳಿಟ್ಟರು. ಬಗ್ಗಿ ನೋಡಿದೆ. ಹೊಟ್ಟೆ ನಿಧಾನಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಸಣ್ಣಗೆ ಗೊರಕೆಯೂ ಇತ್ತು. ನಾಲ್ಕು ತಿಂಗಳ ಮೇಲೆ ಅವರು ಮಲಗಿ ನಿದ್ದೆ ಮಾಡಿದ್ದು ನೋಡಿ ನಾನು ಒದ್ದೆ ಬಟ್ಟೆಯ ಬಕೆಟ್ಟನ್ನು ಸದ್ದಾಗದಂತೆ ಇಟ್ಟು, ಅಲ್ಲೇ ಕೂತು ಅವ್ವನ ಜೊತೆ ಕಾಯಿ ಸುಲಿದೆ.

ನವೆಂಬರಿನಲ್ಲಿ ಮೈಸೂರಿಗೆ ಹೋದಾಗ ಡಾಕ್ಟರು ಅತ್ತೆಯನ್ನು ಯಂತ್ರದ ಮುಂದೆ ನಿಲ್ಲಿಸಿ, "ಮೂಗಿನಿಂದ ಜೋರಾಗಿ ಒಂದು ಸಲ ಎಳೀರಿ," ಎಂದರು. ಯಂತ್ರದ ಪರದೆಯ ಮೇಲೆ ಬಲಗಡೆಯ ವಪೆ ತಟ್ಟನೆ ಕೆಳಗಿಳಿಯಿತು. ಎಡಗಡೆಯದು ಒಂದು ಗಳಿಗೆ ತಡವಾಗಿ, ಸ್ವಲ್ಪ ಕಡಿಮೆ, ಆದರೆ ಇಳಿಯಿತು. "ಎಚ್ಚರ ಆಗಿದೆ ಅಮ್ಮ. ಪೂರ್ತಿ ಅಲ್ಲ. ಆದ್ರೆ ಆಗಿದೆ," ಎಂದರು.

"ಬ್ಯಾರನ್ ಕೆಲ್ಸ ಮಾಡ್ಬೌದಾ?"

"ಬೇಡ. ಇನ್ನು ಹೊಗೆ ಹತ್ತಿರ ಹೋಗಲೇಬೇಡಿ."

ನಮ್ಮೂರಿಗೆ ಹೊರಟ ಬಸ್ಸಿನಲ್ಲಿ ಅವರು ಬೇಜಾರಾಗಿದ್ದಾರೇನೋ ಎಂದು ಓರೆಗಣ್ಣಿನಿಂದ ನೋಡಿದೆ. ಬಿಳಿಕೆರೆ ದಾಟಿದ ಮೇಲೆ ಅವರೇ ಹೇಳಿದರು: "ಹದಿನಾಕು ವರ್ಸ ಮಾಡಿವ್ನಿ. ಸಿವಶಂಕ್ರ ಈ ಸಲ ಒಬ್ನೇ ಬೇಯಿಸವ್ನೆ, ಸೊಪ್ಪು ಕೆಟ್ಟಿಲ್ಲ. ಇನ್ನು ಅವನೇ ಮಾಡ್ಕಳ್ಲಿ ಬುಡು." ಒಂದೇ ಉಸಿರಿನಲ್ಲಿ ಹೇಳಿದರು. ಅದು ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ಅತ್ತೆ ಊರಿಗೆ ಬಂದ ಹದಿನೈದು ದಿನಕ್ಕೆ ಪಕ್ಕದ ಊರಿನ ಜವರಯ್ಯ ಎಂಬುವವರು ಮಗನ ಬೈಕಿನಲ್ಲಿ ಬಂದರು. ಅವರಿಗೂ ಬೈಪಾಸ್ ಹೇಳಿದ್ದರು, ಸೋಮವಾರ ಆಸ್ಪತ್ರೆಗೆ ಸೇರಬೇಕಿತ್ತು. ಬರುವುದಿಲ್ಲ ಎಂದು ಮಗನ ಹತ್ತಿರ ಹಟ ಹಿಡಿದಿದ್ದರಂತೆ.

"ನೋವಾಯ್ತದಾ ಕುಳ್ಳಮ್ಮ?" ಎಂದು ಜಗಲಿಯಲ್ಲಿ ಕೂತವರೇ ಕೇಳಿದರು.

"ಆಯ್ತದೆ," ಎಂದರು ಅತ್ತೆ. "ಸುಳ್ಳು ಯಾಕೇಳ್ಲಿ? ಕೆಮ್ಮುದ್ರೆ ಪ್ರಾಣ ಓದಂಗಾಯ್ತದೆ. ಆದ್ರೂ ಕೆಮ್ಬೇಕು. ಒಂದಪ ಉಸಾರಾಗಿ ತಿರ್ಗಾ ಬಿದ್ದೋಯ್ತೀರ. ಆಗ ಸಾಕು ಅನ್ನುಸ್ತದೆ. ನಂಗೂ ಅನ್ಸಿತ್ತು. ಅವತ್ತು ಯಾರಾದ್ರೂ ಪಕ್ಕದಲ್ಲಿ ಕುಂತಿದ್ರೆ ಸಾಕು, ಮಾರ್ನೆ ದಿನ ಎದ್ಬುಡ್ತೀರ."

ಜವರಯ್ಯ ಅಂಗೈ ಉಜ್ಜಿಕೊಂಡರು. "ನೀವು ಒಂದಪ ಅಲ್ಲಿಗೆ ಬತ್ತೀರಾ? ನಿಮ್ಮ ನೋಡುದ್ರೆ ಧೈರ್ಯ ಬತ್ತದೆ," ಎಂದರು.

"ಬತ್ತೀನಿ. ನನ್ನ ಸೊಸೆ ಕರ್ಕಂಡು ಬತ್ತಾಳೆ," ಎಂದರು ಅತ್ತೆ, ನನ್ನನ್ನು ಕೇಳದೆಯೇ.

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ.